ಫೋನಿನ ಲಾಕ್ ತೆಗೆಸುವ ಅಧಿಕಾರ ಯಾರದು?

‘ಫೋನ್ ಕೊಡಿ, ಲಾಕ್ ತೆಗೀರಿ.’ ಪೊಲೀಸ್ ಠಾಣೆಯಲ್ಲಿ ಈ ಎರಡು ಮಾತು ಒಂದರ ಬೆನ್ನಿಗೆ ಒಂದು ಬರುತ್ತವೆ. ಕೇಳಿಸಿಕೊಂಡವರು ಎರಡನ್ನೂ ಒಂದೇ ಆದೇಶ ಎಂದುಕೊಂಡು ಪಾಲಿಸುತ್ತಾರೆ. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ. ಮೊದಲನೆಯದು ಒಂದು ವಸ್ತುವಿನ ಜಪ್ತಿ. ಅದಕ್ಕೆ ಬ್ರಿಟಿಷರ ಕಾಲದಿಂದಲೂ ನಿಯಮಗಳಿವೆ: ಪಂಚರಿರಬೇಕು, ಮಹಜರು ಬರೆಯಬೇಕು, ಮುದ್ದೆಮಾಲಿಗೆ ಸೀಲ್ ಹಾಕಬೇಕು. ಎರಡನೆಯದು ಮನುಷ್ಯನ ತಲೆಯೊಳಗಿರುವ ಒಂದು ಸಂಖ್ಯೆಯನ್ನು ಹೊರಗೆ ತೆಗೆಸುವ ಕೆಲಸ. ಆ ಸಂಖ್ಯೆ ಸಿಕ್ಕರೆ ಅವನ ಹತ್ತು ವರ್ಷದ ಸಂದೇಶ, ಫೋಟೊ, ಆಸ್ಪತ್ರೆಯ ವರದಿ, ಬ್ಯಾಂಕಿನ ಲೆಕ್ಕ, ಹೆಂಡತಿ ಮಕ್ಕಳೊಡನೆ ಆಡಿದ ಮಾತು ಎಲ್ಲವೂ ಸಿಗುತ್ತವೆ. ಇಷ್ಟು ದೊಡ್ಡ ಅಧಿಕಾರಕ್ಕೆ ದಿನನಿತ್ಯದ ತನಿಖೆಯಲ್ಲಿ ಎಲ್ಲರಿಗೂ ಅನ್ವಯಿಸುವ ಸ್ಪಷ್ಟ ನಿಯಮವನ್ನು ನಮ್ಮ ಸಂಸತ್ತು ಬರೆದಿಲ್ಲ. ಹೈಕೋರ್ಟ್‌ಗಳು ಒಂದೊಂದು ದಿಕ್ಕಿಗೆ ಎಳೆಯುತ್ತಿವೆ.

ಇದು ಹೊಸ ತಂತ್ರಜ್ಞಾನ ಹುಟ್ಟಿಸಿದ ಪ್ರಶ್ನೆ ನಿಜ. ಆದರೆ ಇದರ ಅಣ್ಣನಂಥ ಪ್ರಶ್ನೆಯೊಂದಕ್ಕೆ ಈ ದೇಶ ಈಗಾಗಲೇ ಉತ್ತರ ಕೊಟ್ಟಿದೆ. ಆ ಉತ್ತರ ಹುಟ್ಟಿದ್ದರಲ್ಲಿ ಬೆಂಗಳೂರಿನ ಪಾಲು ಬಹಳ ದೊಡ್ಡದು.

2000ದ ದಶಕದಲ್ಲಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೇ ಹೆಸರಾಗಿತ್ತು. ಹೊರರಾಜ್ಯಗಳ ಪೊಲೀಸರು ಸಹ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಎಂಬ ಔಷಧವನ್ನು ನರಕ್ಕೆ ಇಳಿಸಿ, ಅರೆಪ್ರಜ್ಞೆಯಲ್ಲಿದ್ದವನಿಗೆ ಪ್ರಶ್ನೆ ಕೇಳಿ, ತೊದಲಿದ್ದನ್ನು ವಿಡಿಯೊ ಮಾಡಿಕೊಳ್ಳಲಾಗುತ್ತಿತ್ತು. ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಪರೀಕ್ಷೆಯ ದೃಶ್ಯಗಳು ಟಿ.ವಿ.ಯಲ್ಲೇ ಪ್ರಸಾರವಾದವು. ನ್ಯಾಯಾಲಯ ಇನ್ನೂ ತೂಗಿ ನೋಡದ ಮಾತುಗಳನ್ನು ಮನೆಮನೆಯಲ್ಲೂ ಜನ ನೋಡಿ ತೀರ್ಮಾನಕ್ಕೆ ಬಂದರು. ‘ಮಂಪರು ಪರೀಕ್ಷೆ ಮಾಡಿಸಿ, ಸತ್ಯ ಹೊರಗೆ ಬರುತ್ತೆ’ ಎಂಬ ಮಾತು ಚಾವಡಿಗೂ ಬಂತು. ಇವತ್ತಿಗೂ ಅದು ಹೋಗಿಲ್ಲ.

ಮಂಪರಿನ ಜೊತೆಗೇ ಇನ್ನೊಂದು ಬಂದಿತ್ತು, ಬ್ರೈನ್ ಮ್ಯಾಪಿಂಗ್. ತಲೆಗೆ ವಿದ್ಯುದ್ವಾರಗಳ ಟೊಪ್ಪಿಗೆ ಹಾಕಿ, ಅಪರಾಧಕ್ಕೆ ಸಂಬಂಧಿಸಿದ ಮಾತುಗಳನ್ನು ಕೇಳಿಸಿ, ಮಿದುಳಿನ ಅಲೆಗಳನ್ನು ದಾಖಲಿಸುವುದು. ಈ ನೆನಪು ಸ್ವಂತ ಅನುಭವದ್ದೋ ಕೇಳಿ ತಿಳಿದದ್ದೋ ಎಂದು ಕಂಪ್ಯೂಟರ್ ಹೇಳಬಲ್ಲದು ಎಂಬುದು ಅದರ ಪ್ರತಿಪಾದನೆ. ಈ ವಿಧಾನದ ಒಂದು ಭಾರತೀಯ ರೂಪವನ್ನು ಕಟ್ಟಿದವರು ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್. 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ವಿಧಿಸುವಾಗ ಈ ಪರೀಕ್ಷೆಯ ಫಲಿತಾಂಶವನ್ನೂ ಆಧಾರಗಳಲ್ಲಿ ಒಂದಾಗಿ ಎಣಿಸಿತು. ಜಗತ್ತಿನ ನರವಿಜ್ಞಾನಿಗಳು ಬೆಚ್ಚಿ ನೋಡಿದರು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ ಈ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದು ಎಂದು ವರದಿ ಕೊಟ್ಟಿತು. ಒಂದೇ ಸಂಸ್ಥೆಯ ಹಿನ್ನೆಲೆಯಿಂದ ಯಂತ್ರವೂ ಬಂತು, ಯಂತ್ರದ ಮೇಲಿನ ಸಂಶಯವೂ ಬಂತು. ವಿಜ್ಞಾನ ತನ್ನನ್ನು ತಾನು ಹೀಗೆಯೇ ತಿದ್ದಿಕೊಳ್ಳುತ್ತದೆ. ಆದರೆ ವಿಜ್ಞಾನಿಗಳು ತಿದ್ದಿಕೊಳ್ಳುವ ಹೊತ್ತಿಗೆ ಒಬ್ಬಳು ಜೈಲಿನಲ್ಲಿದ್ದಳು.

2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಪ್ರಕರಣದ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್, ಜೆ.ಎಂ. ಪಾಂಚಾಲ್ ಅವರ ಪೀಠ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ, ಬದುಕು ಮತ್ತು ಸ್ವಾತಂತ್ರ್ಯದ 21ನೇ ವಿಧಿ, ಎರಡಕ್ಕೂ ಇದು ವಿರುದ್ಧ ಎಂದಿತು. ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಅದರ ಸಹಾಯದಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಕಾನೂನಿನ ಪ್ರಕಾರ ಪರಿಗಣಿಸಬಹುದು. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಎತ್ತಿಹಿಡಿಯಿತು.

ಸೆಲ್ವಿ ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಿಷೇಧವಲ್ಲ, ಅದರ ಹಿಂದಿನ ತರ್ಕ. ಸುಳ್ಳು ಪತ್ತೆ ಯಂತ್ರಕ್ಕೆ ಕಟ್ಟಿದವನು ಬಾಯಿ ಬಿಡದೇ ಇರಬಹುದು. ಅವನ ನಾಡಿ, ಉಸಿರು, ಬೆವರನ್ನು ಯಂತ್ರ ಅಳೆಯುತ್ತದೆ ಅಷ್ಟೇ. ಹಾಗಿದ್ದರೆ ಅದು ರಕ್ತದ ಮಾದರಿ ತೆಗೆದುಕೊಂಡಷ್ಟೇ ತಾನೆ ಎಂದು ಸರ್ಕಾರದ ಕಡೆಯವರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ಅಳೆದದ್ದು ಬೆವರನ್ನಾದರೂ ಹುಡುಕಿದ್ದು ಅವನಿಗೆ ಏನು ಗೊತ್ತು ಎಂಬುದನ್ನು. ಮನಸ್ಸಿನೊಳಗಿನ ತಿಳಿವಳಿಕೆಯನ್ನು ಯಾವ ದಾರಿಯಿಂದ ಹೊರತೆಗೆದರೂ ಅದು ಹೇಳಿಕೆಯೇ ಎಂದಿತು.

ಈ ತರ್ಕವನ್ನು ಕೈಯಲ್ಲಿ ಹಿಡಿದು ಫೋನಿನ ಕಡೆಗೆ ಬನ್ನಿ.

2021ರ ಮಾರ್ಚ್‌ನಲ್ಲಿ ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದು ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರ ಮುಂದೆ ಇತ್ತು. ಆರೋಪಿ ಫೋನ್ ಮತ್ತು ಇ–ಮೇಲ್ ತೆರೆದು ಕೊಡಬೇಕು, ಸುಳ್ಳು ಪತ್ತೆ ಪರೀಕ್ಷೆಗೂ ಒಳಗಾಗಬೇಕು ಎಂದು ಕೆಳಗಿನ ನ್ಯಾಯಾಲಯ ಹೇಳಿತ್ತು. ಸುಳ್ಳು ಪತ್ತೆಯ ಆದೇಶವನ್ನು ಹೈಕೋರ್ಟ್ ರದ್ದುಪಡಿಸಿತು, ಒಪ್ಪಿಗೆ ಇರಲಿಲ್ಲವಾದ್ದರಿಂದ. ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಬೇರೆ ದಾರಿ ಹಿಡಿಯಿತು. ಪಾಸ್‌ವರ್ಡ್ ಕೊಟ್ಟ ಮಾತ್ರಕ್ಕೆ ಅಪರಾಧ ಒಪ್ಪಿಕೊಂಡಂತಲ್ಲ. ಒಳಗೆ ಸಿಕ್ಕಿದ್ದನ್ನು ಪೊಲೀಸರು ಬೇರೆಯಾಗಿ ಸಾಬೀತುಪಡಿಸಬೇಕು. ಆದ್ದರಿಂದ ಇದು ಬಲವಂತದ ಸಾಕ್ಷ್ಯವಲ್ಲ ಎಂದಿತು. ಬೀಗ ಹಾಕಿದ ಮನೆಯನ್ನು ಶೋಧ ಮಾಡುವಾಗ ಬಾಗಿಲು ತೆರೆಯಬೇಕಾದಂತೆಯೇ ಇದೂ ಎಂಬುದು ವಾದದ ತಿರುಳು. ತನಿಖಾಧಿಕಾರಿ ಕೇಳಿದಾಗ ಕೊಡದಿದ್ದರೆ ಸರ್ಚ್ ವಾರಂಟ್‌ಗೆ ಅರ್ಜಿ ಹಾಕಬಹುದು ಎಂದು ದಾರಿ ತೋರಿಸಿತು.

ಈ ತೀರ್ಪಿನ ಒಂದು ಭಾಗವನ್ನು ಮನಸಾರೆ ಮೆಚ್ಚಬೇಕು. ಫೋನ್, ಕಂಪ್ಯೂಟರ್ ಜಪ್ತಿ ಮಾಡುವುದು ಹೇಗೆ ಎಂದು ಇಷ್ಟು ವಿವರವಾಗಿ ಹೇಳಿದ ತೀರ್ಪು ಅಪರೂಪ. ಶೋಧ ತಂಡದ ಜೊತೆ ಅರ್ಹ ವಿಧಿವಿಜ್ಞಾನ ಪರೀಕ್ಷಕರು ಇರಬೇಕು. ನೆಟ್‌ವರ್ಕ್ ಸಿಗದಂತೆ ಫೋನನ್ನು ಫ್ಯಾರಡೆ ಚೀಲದಲ್ಲಿ ಇಡಬೇಕು. ಚಾರ್ಜ್ ಮುಗಿಯಲು ಬಿಡಬಾರದು. ಸಿಮ್ ಬೇರೆ ಪ್ಯಾಕ್ ಆಗಬೇಕು. ತನಿಖಾಧಿಕಾರಿ ತಾನೇ ಫೋನ್ ಹಿಡಿದು ಸಾಕ್ಷ್ಯ ಹುಡುಕುತ್ತ ಕೂರಬಾರದು. ಸಿಕ್ಕ ಮಾಹಿತಿಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಮೂರನೆಯವರಿಗೆ ದಾಟಿಸಬಾರದು. ಇವೆಲ್ಲ ಪ್ರತಿ ಠಾಣೆಯ ಗೋಡೆಯ ಮೇಲೆ ಇರಬೇಕಾದ ಮಾತುಗಳು.

ಪಾಸ್‌ವರ್ಡ್‌ನ ಭಾಗವನ್ನು ಮಾತ್ರ ಒಪ್ಪಲಾಗದು. ನ್ಯಾಯಾಲಯ ಆಧಾರವಾಗಿ ಹಿಡಿದ ಪರಂಪರೆ 1961ರ ಕಾಠಿ ಕಾಲು ಓಘಡ್ ತೀರ್ಪಿನದು. ಹನ್ನೊಂದು ನ್ಯಾಯಮೂರ್ತಿಗಳ ಆ ಪೀಠ ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ತನ್ನ ವಿರುದ್ಧ ಸಾಕ್ಷಿ ನುಡಿದಂತಲ್ಲ ಎಂದಿತ್ತು. ಬೆರಳಿನ ಗೆರೆ ನಾವು ಇಷ್ಟಪಟ್ಟಂತೆ ಬದಲಾಗುವುದಿಲ್ಲ, ಅದರಲ್ಲಿ ನಮ್ಮ ತಿಳಿವಳಿಕೆಯೂ ಇಲ್ಲ. ಸರಿ. ಆದರೆ ಪಾಸ್‌ವರ್ಡ್ ಬೆರಳಿನ ಮೇಲೆ ಬರೆದಿಲ್ಲ. ನೆನಪಿಸಿಕೊಂಡು ಹೇಳಿದರೆ ಮಾತ್ರ ಬರುತ್ತದೆ. ಹೇಳಿದ ಕ್ಷಣದಲ್ಲೇ ‘ಈ ಫೋನ್ ನನ್ನದು, ಇದರ ಒಳಗಿರುವುದು ನನ್ನ ಹಿಡಿತದಲ್ಲಿದೆ’ ಎಂಬ ಒಪ್ಪಿಗೆಯೂ ಅದರೊಡನೆ ಹೋಗುತ್ತದೆ. ಫೋನ್ ಯಾರದೆಂಬುದೇ ವಿವಾದವಾಗಿರುವ ಪ್ರಕರಣದಲ್ಲಿ ಅಷ್ಟೇ ಸಾಕು ಶಿಕ್ಷೆಗೆ ಹತ್ತಿರ ತರಲು. 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಕರ್ನಾಟಕದ ತೀರ್ಪನ್ನು ಅನುಸರಿಸದೆ, ಪಾಸ್‌ವರ್ಡ್ ಹೇಳಲು ಬಲವಂತ ಮಾಡುವಂತಿಲ್ಲ, ಬೆರಳು ಅಥವಾ ಮುಖ ಬಳಸಿ ತೆರೆಸಬಹುದು ಎಂದಿತು. 2023ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಸಹ 20(3)ನೇ ವಿಧಿಯ ರಕ್ಷಣೆ ಇರುವಾಗ ಆರೋಪಿಯಿಂದ ಪಾಸ್‌ವರ್ಡ್ ಬಲವಂತವಾಗಿ ಪಡೆಯಲಾಗದು ಎಂದಿತು. ಅಲ್ಲಿಗೆ, ಒಂದೇ ಸಂವಿಧಾನದ ಒಂದೇ ವಿಧಿಗೆ ಬೆಂಗಳೂರಿನಲ್ಲಿ ಒಂದು ಅರ್ಥ, ದೆಹಲಿಯಲ್ಲಿ ಇನ್ನೊಂದು.

ಗೊಂದಲ ನಮ್ಮದೊಂದೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ 2019ರಲ್ಲಿ ಪಾಸ್‌ವರ್ಡ್ ಕೇಳುವಂತಿಲ್ಲ ಎಂದರೆ, ಪಕ್ಕದ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಮರುವರ್ಷವೇ ಕೇಳಬಹುದು ಎಂದಿತು. ಬ್ರಿಟನ್ನಿನಲ್ಲಿ 2000ದ ಕಾಯ್ದೆಯೊಂದು ಪಾಸ್‌ವರ್ಡ್ ಕೊಡಲು ನೋಟಿಸ್ ನೀಡುವ ಅಧಿಕಾರವನ್ನೇ ಸೃಷ್ಟಿಸಿದೆ. ಕೊಡದಿದ್ದರೆ ಎರಡು ವರ್ಷ, ರಾಷ್ಟ್ರೀಯ ಭದ್ರತೆ ಅಥವಾ ಮಕ್ಕಳ ಅಶ್ಲೀಲ ಚಿತ್ರಗಳ ಪ್ರಕರಣವಾದರೆ ಐದು ವರ್ಷದವರೆಗೆ ಸೆರೆ. ಬ್ರಿಟನ್ನಿನ ಕಾನೂನು ಕಠಿಣ, ನನಗೆ ಇಷ್ಟವಾಗುವಂಥದ್ದಲ್ಲ. ಆದರೂ ಅದು ಸಂಸತ್ತಿನಲ್ಲಿ ಚರ್ಚೆಯಾಗಿ ಬರೆದ ಕಾನೂನು. ಯಾರು ಕೇಳಬಹುದು, ಯಾರ ಅನುಮತಿ ಬೇಕು, ಕೊಡದಿದ್ದರೆ ಏನಾಗುತ್ತದೆ ಎಂಬುದು ಅಲ್ಲಿನ ಪ್ರಜೆಗೆ ಮೊದಲೇ ಗೊತ್ತು.

ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಇದೆ. ಗೂಢಲಿಪಿಯಲ್ಲಿರುವ ಮಾಹಿತಿಯನ್ನು ಬಿಡಿಸಿಕೊಡಲು ಆದೇಶಿಸಬಹುದು, ಸಹಕರಿಸದಿದ್ದರೆ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಆದರೆ ಅದು ಗೃಹ ಕಾರ್ಯದರ್ಶಿಯ ಮಟ್ಟದಲ್ಲಿ, ನಿರ್ದಿಷ್ಟ ಕಾರಣಗಳಿಗಾಗಿ ಹೊರಡುವ ಆದೇಶ. ಠಾಣೆಯ ಸಬ್ ಇನ್‌ಸ್ಪೆಕ್ಟರ್ ಮೇಜಿನಾಚೆಯಿಂದ ಕೈ ಚಾಚಿ ‘ಲಾಕ್ ತೆಗೀರಿ’ ಅನ್ನುವುದಕ್ಕೆ ಅದು ಆಧಾರವಾಗದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಖಾಲಿ ಜಾಗವನ್ನು ತುಂಬಬಹುದಿತ್ತು. ಅದರ 94ನೇ ಸೆಕ್ಷನ್ ಡಿಜಿಟಲ್ ಸಾಕ್ಷ್ಯ ಇರಬಹುದಾದ ಸಂವಹನ ಸಾಧನಗಳನ್ನು ಹಾಜರುಪಡಿಸುವಂತೆ ಆದೇಶಿಸುವ ಅಧಿಕಾರವನ್ನು ನ್ಯಾಯಾಲಯಕ್ಕೂ ಕೊಟ್ಟಿತು, ಠಾಣಾಧಿಕಾರಿಗೂ ಕೊಟ್ಟಿತು. ಪಾಸ್‌ವರ್ಡ್ ಬಗ್ಗೆ ಒಂದು ಮಾತಿಲ್ಲ. ಫೋನಿನಲ್ಲಿ ಎಷ್ಟನ್ನು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದರ ಬಗ್ಗೆಯೂ ಇಲ್ಲ.

ಖಾಲಿ ಜಾಗ ಹಾಗೆಯೇ ಉಳಿಯುವುದಿಲ್ಲ, ಅಭ್ಯಾಸ ಬಂದು ಕೂರುತ್ತದೆ. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಪೊಲೀಸರು ರಸ್ತೆಯಲ್ಲಿ ಯುವಕರ ಬೈಕ್ ನಿಲ್ಲಿಸಿ, ಅವರ ಫೋನ್ ತೆಗೆಸಿ, ವಾಟ್ಸ್‌ಆ್ಯಪ್‌ನಲ್ಲಿ ‘ಗಾಂಜಾ’ ಎಂಬ ಪದ ಹುಡುಕಿದ ವಿಡಿಯೊ ದೇಶವೆಲ್ಲ ನೋಡಿತು. ಎಫ್‌ಐಆರ್ ಇಲ್ಲ, ವಾರಂಟ್ ಇಲ್ಲ, ಅನುಮಾನಕ್ಕೆ ಕಾರಣವೂ ಇಲ್ಲ. ಅಷ್ಟು ಹೊತ್ತಿಗೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಹೇಳಿ ನಾಲ್ಕು ವರ್ಷವಾಗಿತ್ತು. ಆ ಹಕ್ಕಿಗಾಗಿ ಕೋರ್ಟ್ ಮೆಟ್ಟಿಲೇರಿದವರು ನಮ್ಮದೇ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕಿಗೆ ಮಿತಿ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು ಎಂದು ಆ ತೀರ್ಪು ಹೇಳಿದೆ. ರಸ್ತೆ ಬದಿಯ ಆ ತಪಾಸಣೆ ಮೂರರಲ್ಲಿ ಮೊದಲನೆಯದನ್ನೇ ದಾಟದು.

ಪೊಲೀಸರ ಕಷ್ಟ ಸುಳ್ಳಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಈಗ ಜಿಲ್ಲೆ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದು ಸೆನ್ ಠಾಣೆಗಳಿವೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತ ಶಿಕ್ಷಕರ ಉಳಿತಾಯವನ್ನೆಲ್ಲ ದೋಚಿದವನು ಸಿಕ್ಕಿಬಿದ್ದಾಗ, ಅವನ ಹಿಂದಿರುವ ಜಾಲದ ಹೆಸರು ಅವನ ಫೋನಿನಲ್ಲೇ ಇರುತ್ತದೆ. ಕಾಣೆಯಾದ ಮಗುವಿನ ಸುಳಿವು ಒಂದು ಆರಂಕಿಯ ಸಂಖ್ಯೆಯ ಹಿಂದೆ ಇರಬಹುದು. ಹಣ ಕಳೆದುಕೊಂಡವರಿಗೂ, ಮಗುವನ್ನು ಹುಡುಕುತ್ತಿರುವ ತಾಯಿಗೂ ಹಕ್ಕುಗಳಿವೆ. ಹಾಗಾಗಿ ಫೋನಿಗೆ ಕೈ ಹಚ್ಚಲೇಬಾರದು ಎಂದು ನಾನು ಹೇಳುತ್ತಿಲ್ಲ. ತೆರೆಯುವ ಉಪಕರಣಗಳು ಪೊಲೀಸರ ಬಳಿಯೂ ಪ್ರಯೋಗಾಲಯಗಳ ಬಳಿಯೂ ಇವೆ. ಇಸ್ರೇಲಿನ ಸೆಲೆಬ್ರೈಟ್ ಕಂಪನಿಯ ಯಂತ್ರಗಳು ಎಷ್ಟೋ ಫೋನುಗಳನ್ನು ಪಾಸ್‌ವರ್ಡ್ ಇಲ್ಲದೆಯೇ ತೆರೆಯುತ್ತವೆ. ನ್ಯಾಯಾಧೀಶರು ಕಾರಣ ಕೇಳಿ, ಯಾವ ಅಪರಾಧಕ್ಕೆ, ಯಾವ ಅವಧಿಯ, ಯಾವ ಬಗೆಯ ಮಾಹಿತಿ ಎಂದು ಬರೆದು ಕೊಟ್ಟ ವಾರಂಟ್ ಮೇಲೆ ಆ ಕೆಲಸ ನಡೆಯಲಿ. ಅಮೆರಿಕದ ಸುಪ್ರೀಂ ಕೋರ್ಟ್ 2014ರ ರೈಲಿ ಪ್ರಕರಣದಲ್ಲಿ, ಬಂಧಿತನ ಜೇಬಿನಲ್ಲಿ ಸಿಕ್ಕ ಫೋನ್ ನೋಡುವುದಕ್ಕೂ ವಾರಂಟ್ ಬೇಕು ಎಂದು ಒಮ್ಮತದಿಂದ ಹೇಳಿತು. ಅಲ್ಲಿನ ಪೊಲೀಸರು ಅದರಿಂದ ಕೈಕಟ್ಟಿ ಕೂತಿಲ್ಲ.

ಬೆರಳಿನಿಂದ ತೆರೆಯುವ ಫೋನಿಗೆ ಒಂದು ನ್ಯಾಯ, ಸಂಖ್ಯೆಯಿಂದ ತೆರೆಯುವ ಫೋನಿಗೆ ಇನ್ನೊಂದು ಎಂಬ ದೆಹಲಿಯ ವಿಶೇಷ ನ್ಯಾಯಾಲಯದ ವಿಂಗಡಣೆಯೂ ನಿಲ್ಲುವಂಥದ್ದಲ್ಲ. ಒಳಗಿರುವ ಸಾಮಗ್ರಿ ಒಂದೇ. ಹಳೆಯ ಫೋನಿನವನಿಗೆ ರಕ್ಷಣೆ ಇದ್ದು, ಬೆರಳು ಒತ್ತುವ ಫೋನ್ ಕೊಂಡವನಿಗೆ ಇಲ್ಲ ಎಂದಾಗಬಾರದು. ಸೆಲ್ವಿ ತೀರ್ಪು ಸಾಧನವನ್ನು ನೋಡಲಿಲ್ಲ, ಹೊರತೆಗೆಯುತ್ತಿರುವುದು ಏನೆಂದು ನೋಡಿತು. ಫೋನಿಗೂ ಅದೇ ಅಳತೆ ಸಲ್ಲಬೇಕು.

ತೆರೆದ ಮೇಲಿನ ಕಥೆ ಇನ್ನೂ ಮುಖ್ಯ. ಕತ್ತಿ ಜಪ್ತಿಯಾದರೆ ಅದು ಕತ್ತಿಯಾಗಿಯೇ ಇರುತ್ತದೆ. ಫೋನ್ ಹಾಗಲ್ಲ. ಆನ್ ಮಾಡಿದರೆ ಸಾಕು, ಒಳಗೆ ನೂರಾರು ಕಡತಗಳು ಬದಲಾಗುತ್ತವೆ. ದುರುದ್ದೇಶ ಇದ್ದವರು ಹೊಸದನ್ನು ಸೇರಿಸಲೂಬಹುದು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಆರೋಪಿಯೊಬ್ಬರ ಲ್ಯಾಪ್‌ಟಾಪ್‌ನ ಪ್ರತಿಯನ್ನು ಪರಿಶೀಲಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ, ಬಂಧನಕ್ಕೂ ಮೊದಲೇ ಕುತಂತ್ರಾಂಶದ ಮೂಲಕ ಅದರೊಳಗೆ ಕಡತಗಳನ್ನು ಇಡಲಾಗಿತ್ತು ಎಂದು 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಯಾರ ಮಾತು ಸರಿ ಎಂಬುದನ್ನು ನ್ಯಾಯಾಲಯ ಹೇಳಬೇಕು. ಆದರೆ ಇಂಥ ಸಂಶಯ ಎದ್ದಾಗ ಅದನ್ನು ಪರೀಕ್ಷಿಸುವುದಾದರೂ ಹೇಗೆ?

ಅದಕ್ಕೆ ಇರುವ ಸಾಧನಗಳಲ್ಲಿ ಒಂದು ಹ್ಯಾಶ್ ಮೌಲ್ಯ. ಫೋನಿನಿಂದಲೋ ಹಾರ್ಡ್ ಡಿಸ್ಕ್‌ನಿಂದಲೋ ತೆಗೆದ ಇಡೀ ಪ್ರತಿಯ ಮೇಲೆ ಒಂದು ಗಣಿತ ಸೂತ್ರ ಓಡಿಸಿದರೆ ಅಂಕಿ–ಅಕ್ಷರಗಳ ಒಂದು ಸಾಲು ಬರುತ್ತದೆ. ಎಸ್‌ಎಚ್‌ಎ–256 ಎಂಬ ಸೂತ್ರವಾದರೆ 64 ಚಿಹ್ನೆಗಳು. ಒಳಗಿನ ಸಾವಿರಾರು ಪುಟಗಳಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಜಪ್ತಿಯ ಹೊತ್ತಿಗೇ ಇದನ್ನು ಲೆಕ್ಕ ಹಾಕಿ ಮಹಜರಿನಲ್ಲಿ ಬರೆದರೆ, ಮೂರು ವರ್ಷದ ನಂತರ ಪಾಟಿಸವಾಲಿನಲ್ಲಿ ಅದೇ ಲೆಕ್ಕ ಮಾಡಿ ಹೋಲಿಸಬಹುದು. ಹೊಂದಿದರೆ ನಡುವೆ ಯಾರೂ ಕೈಯಾಡಿಸಿಲ್ಲ. ಜಪ್ತಿಗೆ ಮೊದಲೇ ಯಾರಾದರೂ ಕಡತ ಸೇರಿಸಿದ್ದರೆ ಹ್ಯಾಶ್ ಒಂದೇ ಸಾಲದು, ಆಳವಾದ ಪರಿಶೀಲನೆ ಬೇಕು. ಆ ಪರಿಶೀಲನೆಗೂ ಕೈಯಾಡಿಸದ ಪ್ರತಿ ಇರಲೇಬೇಕು. 2014ರ ಅನ್ವರ್ ತೀರ್ಪು ಮತ್ತು 2020ರ ಅರ್ಜುನ್ ಪಂಡಿತರಾವ್ ತೀರ್ಪುಗಳು ಮೂಲ ಸಾಧನವನ್ನೇ ಹಾಜರುಪಡಿಸದಿದ್ದಾಗ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕಡ್ಡಾಯ ಎಂದವು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಒಂದು ಹೆಜ್ಜೆ ಮುಂದೆ ಹೋಗಿ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಮೌಲ್ಯಕ್ಕೆ ಜಾಗ ಕೊಟ್ಟಿದೆ, ತಜ್ಞರ ಸಹಿಯನ್ನೂ ಕೇಳುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎನ್ನುತ್ತದೆ. ಇವು ಒಳ್ಳೆಯ ಬದಲಾವಣೆಗಳು. ಆದರೆ ಪ್ರಮಾಣಪತ್ರ ಸಾಕ್ಷ್ಯವನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಹೊತ್ತಿನದು. ಜಪ್ತಿಗೂ ಆ ಹೊತ್ತಿಗೂ ನಡುವೆ ಫೋನ್ ಠಾಣೆಯ ಕಪಾಟಿನಲ್ಲಿ ಕಳೆಯುವ ತಿಂಗಳುಗಳಿಗೆ ಅದು ಕಾವಲಲ್ಲ.

ಪತ್ರಕರ್ತರ ಸಂಘಟನೆ ಮತ್ತು ಶಿಕ್ಷಣ ತಜ್ಞರು ಇದೇ ವಿಷಯಕ್ಕೆ ಸುಪ್ರೀಂ ಕೋರ್ಟ್‌ಗೆ ಹೋದಾಗ, 2023ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪೀಠ ಜಪ್ತಿಗೆ ಮಾರ್ಗಸೂಚಿ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. ಅಲ್ಲಿಯವರೆಗೆ ಸಿಬಿಐ ಕೈಪಿಡಿಯನ್ನು ಕೇಂದ್ರದ ಸಂಸ್ಥೆಗಳು ಪಾಲಿಸುತ್ತವೆ ಎಂದು ಸರ್ಕಾರ ತಿಳಿಸಿತು. ಕೈಪಿಡಿ ಕಾನೂನಲ್ಲ. ಅದನ್ನು ಮುರಿದವರಿಗೆ ಶಿಕ್ಷೆ ಇಲ್ಲ, ಮುರಿದು ತಂದ ಸಾಕ್ಷ್ಯವನ್ನು ತಿರಸ್ಕರಿಸಬೇಕೆಂಬ ನಿಯಮವೂ ಇಲ್ಲ. ನಮ್ಮ ಠಾಣೆಗಳಲ್ಲಿ ನಡೆಯುವ ಜಪ್ತಿಗಳಲ್ಲಿ ಬಹುಪಾಲು ಮಾಡುವವರು ರಾಜ್ಯದ ಪೊಲೀಸರು. ಪೊಲೀಸ್ ವ್ಯವಸ್ಥೆ ರಾಜ್ಯದ ವಿಷಯ. ಹೈಕೋರ್ಟ್ 2021ರಲ್ಲೇ ವಿವರವಾಗಿ ಬರೆದುಕೊಟ್ಟ ಜಪ್ತಿಯ ಕ್ರಮವನ್ನು ಎಲ್ಲ ಠಾಣೆಗಳಿಗೂ ಕಡ್ಡಾಯ ಮಾಡಲು, ಜಪ್ತಿಯಾದ ಫೋನಿನ ಪ್ರತಿ ತೆಗೆದು ಮೂಲವನ್ನು ಇಂತಿಷ್ಟು ದಿನದಲ್ಲಿ ಹಿಂದಿರುಗಿಸುವ ನಿಯಮ ತರಲು ಕರ್ನಾಟಕ ದೆಹಲಿಯ ಕಡೆ ನೋಡಬೇಕಿಲ್ಲ. ದೂರು ಕೊಡಲು ಬಂದ ಹೆಣ್ಣುಮಗಳ ಫೋನೂ ಸಾಕ್ಷ್ಯವೆಂದು ಠಾಣೆ ಸೇರುತ್ತದೆ ಎಂಬುದನ್ನು ಮರೆಯಬಾರದು. ಅವಳು ಆರೋಪಿಯಲ್ಲ, ಆದ್ದರಿಂದ 20(3)ನೇ ವಿಧಿಯ ರಕ್ಷಣೆ ಕೂಡ ಅವಳಿಗೆ ಇಲ್ಲ. ನಿಯಮ ಮೊದಲು ಬೇಕಾಗಿರುವುದು ಅವಳಿಗೆ.

ಇದು ಆಗುವವರೆಗೆ ಓದುಗರು ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಅಥವಾ ನಿಮ್ಮ ಮನೆಯವರ ಫೋನ್ ಜಪ್ತಿಯಾದರೆ, ಮಹಜರಿನಲ್ಲಿ ಐಎಂಇಐ ಸಂಖ್ಯೆ, ಫೋನ್ ಆನ್ ಇತ್ತೋ ಆಫ್ ಇತ್ತೋ, ಸೀಲ್ ಹಾಕಿದ ಸಮಯ, ಪ್ರತಿ ತೆಗೆದಿದ್ದರೆ ಅದರ ಹ್ಯಾಶ್ ಮೌಲ್ಯ ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಬರೆಯಲು ಕೇಳಿ. ಪಾಸ್‌ವರ್ಡ್ ಕೇಳಿದರೆ ಲಿಖಿತ ಆದೇಶ ಕೇಳಿ, ವಕೀಲರೊಡನೆ ಮಾತಾಡಿದ ಮೇಲೆ ಉತ್ತರಿಸುತ್ತೇನೆ ಎನ್ನಿ. ಬಂಧಿತರಿಗೆ ತಮ್ಮ ಆಯ್ಕೆಯ ವಕೀಲರನ್ನು ಸಂಪರ್ಕಿಸುವ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ.